ಗಾಳಿ ಕುಡಿಯುವ ಬ್ಯಾಟರಿಗೆ ಚಾರ್ಜಿನ ಸಂಕಟ

ಹಿಯರಿಂಗ್ ಏಡ್‌ನ ಗುಂಡಿ ಬ್ಯಾಟರಿಯ ಮೇಲೊಂದು ಬಣ್ಣದ ಸ್ಟಿಕರ್ ಅಂಟಿರುತ್ತದೆ. ಕಿತ್ತರೆ ಸೂಜಿಮೊನೆಯಷ್ಟು ತೂತು. ಅದರೊಳಗೆ ಗಾಳಿ ಹೊಕ್ಕ ಮೇಲೆಯೇ ಬ್ಯಾಟರಿಗೆ ಜೀವ. ಒಳಗಿರುವುದು ಸತುವಿನ ಪುಡಿ. ಅದರೊಂದಿಗೆ ಸೇರುವ ಆಮ್ಲಜನಕ ಹೊರಗಿನಿಂದ ಪುಕ್ಕಟೆಯಾಗಿ ಬರುತ್ತದೆ. ಹೀಗಾಗಿ ಹಗುರ, ಅಗ್ಗ, ಬೆಂಕಿಯ ಭಯವೂ ಕಡಿಮೆ. ಮುಗಿದ ಮೇಲೆ ಮಾತ್ರ ಬಿಸಾಡಬೇಕು. ಇಂಥದ್ದನ್ನು ಮತ್ತೆ ಮತ್ತೆ, ಅದೂ ಬೇಗ ಬೇಗ ಚಾರ್ಜ್ ಮಾಡಬೇಕೆಂದು ಹೊರಟವರನ್ನು ಕಾಡುತ್ತಿರುವುದು ವೇಗವರ್ಧಕ.

ಬ್ಯಾಟರಿ ಕರೆಂಟ್ ಕೊಡುವಾಗ ಗಾಳಿ ಬದಿಯಲ್ಲಿ ಆಮ್ಲಜನಕ ಎಲೆಕ್ಟ್ರಾನ್ ಪಡೆದು ಹೈಡ್ರಾಕ್ಸೈಡ್ ಆಗಬೇಕು. ಚಾರ್ಜ್ ಮಾಡುವಾಗ ಇದೇ ಕ್ರಿಯೆ ಹಿಂದುಮುಂದು. ತಾವಾಗಿಯೇ ನಡೆಯಲಿ ಎಂದು ಬಿಟ್ಟರೆ ಎರಡೂ ತೀರಾ ನಿಧಾನ. ಮೊದಲನೆಯದಕ್ಕೆ ಪ್ಲಾಟಿನಂ ಹೇಳಿಮಾಡಿಸಿದ್ದು. ಎರಡನೆಯದಕ್ಕೆ ಇರಿಡಿಯಂ ಇಲ್ಲವೇ ರುಥೇನಿಯಂ ಆಕ್ಸೈಡ್. ಅವುಗಳ ಬೆಲೆ ಕೇಳಿದರೆ ಅಗ್ಗದ ಸತುವಿನ ಸೊಗಸು ಅಲ್ಲಿಗೇ ಮುಗಿಯಿತು. ಇಷ್ಟಾಗಿಯೂ ಸುಮಾರು 1.2 ವೋಲ್ಟ್ ಕೊಡುವ ಬ್ಯಾಟರಿ ಚಾರ್ಜಿಗೆ 2 ವೋಲ್ಟ್ ಕೇಳುತ್ತದೆ.

1912ರಲ್ಲಿ ನೊಬೆಲ್ ಪಡೆದ ಫ್ರಾನ್ಸಿನ ಪಾಲ್ ಸಬಾಟಿಯೇ ಹೆಸರಿನ ಸೂತ್ರ ಇಲ್ಲಿ ದಾರಿದೀಪ: ವೇಗವರ್ಧಕ ಅಣುವನ್ನು ಗಟ್ಟಿಯಾಗಿ ಹಿಡಿದುಕೊಳ್ಳಲೂಬಾರದು, ಸಡಿಲ ಬಿಡಲೂಬಾರದು. ಬೀಗರನ್ನು ಉಪಚರಿಸಿ ಹೊತ್ತಿಗೆ ಸರಿಯಾಗಿ ಕಳಿಸಿಕೊಟ್ಟ ಹಾಗೆ. ಆದರೆ ಬರುವವರಿಗೂ ಹೋಗುವವರಿಗೂ ಒಂದೇ ಹಿಡಿತ ಒಗ್ಗುವುದಿಲ್ಲ. ಅದಕ್ಕೇ ಎರಡು ಬಗೆಯ ತಾಣಗಳನ್ನು ಒಂದೇ ಪುಡಿಯಲ್ಲಿ ಕೂಡಿಸುತ್ತಾರೆ: ಕರೆಂಟ್ ಕೊಡುವಾಗಿನ ಕ್ರಿಯೆಗೆ ಸಾರಜನಕ ಬೆರೆಸಿದ ಇಂಗಾಲದಲ್ಲಿ ಬಿಡಿಬಿಡಿ ಕಬ್ಬಿಣದ ಪರಮಾಣುಗಳು, ಚಾರ್ಜಿನ ಕ್ರಿಯೆಗೆ ಅದರ ಮೇಲೆ ನಿಕಲ್-ಕಬ್ಬಿಣದ ಹೈಡ್ರಾಕ್ಸೈಡ್ ಪದರ.

ಈ ನಿಕಲ್-ಕಬ್ಬಿಣದ ನಂಟು ಹೊಳೆದದ್ದರ ಹಿಂದೆ ಕಲಬೆರಕೆಯ ಕತೆಯಿದೆ. ನಿಕಲ್ ಆಕ್ಸೈಡ್ ಆಮ್ಲಜನಕವನ್ನು ಚೆನ್ನಾಗಿ ಬಿಡಿಸುತ್ತಿದ್ದುದಕ್ಕೆ ದ್ರಾವಣದಲ್ಲಿ ನುಸುಳಿದ ಲೇಶಮಾತ್ರ ಕಬ್ಬಿಣವೂ ಕಾರಣವೆಂದು ಡೆನಿಸ್ ಕಾರಿಗನ್ 1987ರಲ್ಲಿ ತೋರಿಸಿದರು. ಕಬ್ಬಿಣವನ್ನು ಜತನದಿಂದ ತೆಗೆದುಹಾಕಿದರೆ ನಿಕಲ್ ಮಂಕು.

ಲ್ಯಾಬಿನಲ್ಲಿ ಪರೀಕ್ಷೆ ಹೀಗೆ: ಪುಡಿಯನ್ನು ಆಲ್ಕೋಹಾಲು, ನೀರು, ಚೂರು ನೇಫಿಯಾನ್ ಅಂಟಿನೊಂದಿಗೆ ಕಲಕಿ ಶಾಯಿ ಮಾಡುತ್ತಾರೆ. ಕೆಲವೇ ಮೈಕ್ರೊಲೀಟರ್ ಶಾಯಿಯನ್ನು 5 ಮಿಲಿಮೀಟರ್ ಅಗಲದ ಇಂಗಾಲದ ಬಿಲ್ಲೆಯ ಮೇಲೆ ಹನಿಸಿ ಒಣಗಿಸಿ, ದ್ರಾವಣದಲ್ಲಿ ನಿಮಿಷಕ್ಕೆ 1600 ಸುತ್ತು ತಿರುಗಿಸುತ್ತಾರೆ. ಚಾರ್ಜಿನ ಕ್ರಿಯೆಯಲ್ಲಿ ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಕರೆಂಟಿಗೆ ಎಷ್ಟು ವೋಲ್ಟ್ ಬೇಕಾಯಿತು ಎಂಬುದೇ ಅಂಕಪಟ್ಟಿ. ನನಗೆ ಇದರ ಮೇಲೆ ಪೂರ್ತಿ ನಂಬಿಕೆಯಿಲ್ಲ. ವೇಗದ ಚಾರ್ಜೆಂದರೆ ಅದರ ಹಲವು ಪಟ್ಟು ಕರೆಂಟ್. ಆಗ ಆಮ್ಲಜನಕದ ಗುಳ್ಳೆಗಳು ಮೇಲ್ಮೈಗೆ ಕಚ್ಚಿಕೊಂಡು ಜಾಗ ಮುಚ್ಚುತ್ತವೆ, ವೋಲ್ಟೇಜ್ ಏರುತ್ತದೆ, ಪುಡಿಗೆ ಆಧಾರವಾದ ಇಂಗಾಲವೇ ಸವೆದು ಕಾರ್ಬೊನೇಟ್ ಆಗುತ್ತದೆ. ಬಿಲ್ಲೆಯ ಮೇಲೆ ಮೊದಲ ರ್‍ಯಾಂಕ್ ಪಡೆದದ್ದು ನಿಜವಾದ ಬ್ಯಾಟರಿಯಲ್ಲಿ ಫೇಲಾಗುವುದು ಹೀಗೆ.

ಚಾರ್ಜಿಗೆಂದೇ ಬೇರೆ ನಿಕಲ್ ಜಾಲರಿ ಇಡುವ ಉಪಾಯವೂ ಉಂಟು. ಆಗ ತೂಕ, ತಂತಿ, ಸ್ವಿಚ್ಚು ಎಲ್ಲ ಹೆಚ್ಚು. ಮನೆಯ ಮೂಲೆಯಲ್ಲಿ ಕೂರುವ ಸೋಲಾರ್ ಬ್ಯಾಟರಿಗೆ ತೂಕದ ಚಿಂತೆಯೇನು? ಎರಡೂ ಕೆಲಸ ಬಲ್ಲ ಪುಡಿ ಬೇಕಿರುವುದು ಓಡಾಡುವ ಗಾಡಿಗೆ. ಅದು ಸಿಕ್ಕರೂ, ಅವಸರದ ಚಾರ್ಜಿನಲ್ಲಿ ಸತುವಿನ ಬದಿಯಿಂದ ಮೊನಚು ಹರಳುಗಳು ಬೆಳೆದು ನಡುವಿನ ಪೊರೆಯನ್ನು ಚುಚ್ಚುತ್ತವೆ. ಅದಕ್ಕೆ ಗಾಳಿ ಬದಿಯ ವೇಗವರ್ಧಕದಲ್ಲಿ ಮದ್ದಿಲ್ಲ.