ಕೆರೆ ಹೋಯಿತು, ಮೈದಾನ ಬಂತು

ಶೇಡಬಾಳದ ರೈಲು ಹಳಿ ನೋಡ್ರಿ. ಈ ಕಡೆ ಹೋದರೆ ಮೀರಜ್. ಆ ಕಡೆ ಹೋದರೆ ಬೆಳಗಾವಿ, ಹುಬ್ಬಳ್ಳಿ, ಮುಂದೆ ಬೆಂಗಳೂರು. ಬೆಂಗಳೂರು ಊರ ನಡುವೆ ಒಂದು ದೊಡ್ಡ ಮೈದಾನ ಇದೆ. ಸುತ್ತಲೂ ಜನ ಕೂತು ಆಟ ನೋಡಲು ಮೆಟ್ಟಿಲುಗಳಿವೆ. ಇಂಥ ಜಾಗಕ್ಕೆ ಕ್ರೀಡಾಂಗಣ ಅಂತಾರೆ. ಇದರ ಹೆಸರು ಶ್ರೀ ಕಂಠೀರವ ಕ್ರೀಡಾಂಗಣ.

ಟಿವಿಯಲ್ಲಿ ನೀವೂ ಇದನ್ನು ನೋಡಿರಬಹುದು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಜನ ಸಾಲು ನಿಂತು ಅವರ ಕೊನೆಯ ದರ್ಶನ ಪಡೆದದ್ದು ಇಲ್ಲೇ.

ಈ ಮೈದಾನದ ಕಥೆ ಓದೋಣ ಬನ್ನಿ.

ಮೊದಲು ಅಲ್ಲಿ ಏನಿತ್ತು?

ಮೊದಲು ಅಲ್ಲಿ ಮೈದಾನ ಇರಲಿಲ್ಲ. ಕೆರೆ ಇತ್ತು. ಅದಕ್ಕೆ ಸಂಪಂಗಿ ಕೆರೆ ಅಂತ ಹೆಸರು. ಊರ ಜನ ಅದರ ನೀರು ಬಳಸುತ್ತಿದ್ದರು. ಸುತ್ತಮುತ್ತ ತೋಟಗಳಿದ್ದವು. ತಿಗಳ ಸಮಾಜದವರು ಹೂವು, ಕಾಯಿಪಲ್ಲೆ ಬೆಳೆದು ಪೇಟೆಗೆ ಕೊಡುತ್ತಿದ್ದರು.

1896ರ ಹೊತ್ತಿಗೆ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂತು. ನಲ್ಲಿ ಬಂದ ಮೇಲೆ ಕೆರೆಯ ಚಿಂತೆ ಯಾರಿಗೆ? ನೀರು ಹರಿದು ಬರುವ ದಾರಿಯಲ್ಲಿ ರಸ್ತೆ, ಮನೆ ಎದ್ದವು. ಕೆರೆಯಲ್ಲಿ ನೀರು ಉಳಿಯಲಿ ಎಂದು ತೋಟದವರು ಸರಕಾರವನ್ನು ಕೇಳಿಕೊಂಡರು. ಆದರೂ ಕೆರೆ ನಿಧಾನವಾಗಿ ಬತ್ತಿತು. ಸ್ವಾತಂತ್ರ್ಯ ಬರುವ ಹೊತ್ತಿಗೆ ಅದು ಬಯಲಾಗಿತ್ತು.

ಕೆರೆಯ ಗುರುತಾಗಿ ಈಗ ಒಂದು ಸಣ್ಣ ಹೊಂಡ ಮಾತ್ರ ಉಳಿದಿದೆ. ಬೆಂಗಳೂರು ಕರಗದ ಹಬ್ಬದಲ್ಲಿ ಅಲ್ಲಿ ಪೂಜೆ ನಡೆಯುತ್ತದೆ. ಕರಗ ಹೊರುವವರು ಅದೇ ತಿಗಳ ಸಮಾಜದವರು.

ಕಂಠೀರವ ಯಾರು?

ಕಂಠೀರವ ನರಸರಾಜ ಒಡೆಯರು ಮೈಸೂರಿನ ಅರಸರು. 1638ರಿಂದ 1659ರವರೆಗೆ ಆಳಿದರು. ಕುಸ್ತಿಯಲ್ಲಿ ಗಟ್ಟಿಗರು ಎಂದು ಅವರ ಬಗ್ಗೆ ಕಥೆಗಳಿವೆ. ನಮ್ಮ ಕಡೆ ತಾಲೀಮಿಗೆ ಹೋಗುವವರಿಗೆ ಈ ಮಾತು ಹಿಡಿಸೀತು. ರಾಜ್‌ಕುಮಾರ್ ಅವರ 'ರಣಧೀರ ಕಂಠೀರವ' ಸಿನಿಮಾ ಇದೇ ಅರಸರದು. ಅದು 1960ರಲ್ಲಿ ಬಂತು.

ಕಾಲ್ಚೆಂಡಿನ ಮನೆ

1997ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಈ ಕ್ರೀಡಾಂಗಣ ಹೊಸ ರೂಪದಲ್ಲಿ ಸಿದ್ಧವಾಯಿತು. ನಡುವೆ ಹುಲ್ಲಿನ ಅಂಗಳ. ಅದರ ಸುತ್ತ 400 ಮೀಟರಿನ ಓಟದ ಹಾದಿ.

ಹುಲ್ಲಿನ ಮೇಲೆ ಫುಟ್‌ಬಾಲ್ ಆಡುತ್ತಾರೆ. ಕನ್ನಡದಲ್ಲಿ ಇದು ಕಾಲ್ಚೆಂಡು. ಒಂದೊಂದು ತಂಡದಲ್ಲಿ 11 ಜನ. ಆಟ 90 ನಿಮಿಷ. ಗೋಲು ಕಾಯುವವನೊಬ್ಬ ಬಿಟ್ಟರೆ ಆಟದ ನಡುವೆ ಯಾರೂ ಚೆಂಡನ್ನು ಕೈಯಲ್ಲಿ ಮುಟ್ಟುವಂತಿಲ್ಲ.

2013ರಲ್ಲಿ ಬೆಂಗಳೂರು ಎಫ್‌ಸಿ ಎಂಬ ತಂಡ ಹುಟ್ಟಿತು. ಮರುವರ್ಷ ಈ ಮೈದಾನಕ್ಕೆ ಬಂತು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾ ದೇಶದ ತಂಡವನ್ನು ಇಲ್ಲೇ 3-1ರಿಂದ ಸೋಲಿಸಿತು. ಆ ಗೆಲುವಿನಿಂದ ಎಎಫ್‌ಸಿ ಕಪ್ ಎಂಬ ಏಷ್ಯಾದ ಪಂದ್ಯಾವಳಿಯ ಕೊನೆಯ ಹಂತ ಮುಟ್ಟಿತು. ಭಾರತದ ಬೇರೆ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ಹೋಗಿರಲಿಲ್ಲ.

2023ರ ಜುಲೈ 4ರಂದು ಭಾರತ ಮತ್ತು ಕುವೈತ್ ನಡುವೆ ಇಲ್ಲಿ ಸ್ಯಾಫ್ ಕಪ್ಪಿನ ಕೊನೆಯ ಪಂದ್ಯ. ಆಟ 1-1 ಸಮ ಆಯಿತು. ಆಮೇಲೆ ಪೆನಾಲ್ಟಿ ಒದೆತ. ನಮ್ಮ ಗೋಲು ಕಾಯುವವರು ಗುರುಪ್ರೀತ್ ಸಿಂಗ್ ಸಂಧು. ಅವರು ಕೊನೆಯ ಚೆಂಡನ್ನು ತಡೆದರು. ಕಪ್ಪು ಭಾರತಕ್ಕೆ ಬಂತು.

ಮೈದಾನ ಯಾರದು?

ಇದು ಸರಕಾರದ ಮೈದಾನ. ಅಂದರೆ ಎಲ್ಲರದು. ಅಲ್ಲಿಯೇ ತಂಟೆ ಹುಟ್ಟಿತು. ಓಟಗಾರರಿಗೆ ದಿನಾ ಓಡಬೇಕು. ಫುಟ್‌ಬಾಲ್ ತಂಡಕ್ಕೂ ಜಾಗ ಬೇಕು. ಪಂದ್ಯ ಇದ್ದಾಗ ನಮಗೆ ಓಡಲು ಆಗೋದಿಲ್ಲ ಎಂದು ಓಟಗಾರರು ದೂರಿದರು. 2018ರ ಹೊತ್ತಿಗೆ ಈ ಮಾತು ಹೈಕೋರ್ಟಿನ ತನಕ ಹೋಗಿತ್ತು. ಸಭೆ ಸಮಾರಂಭಗಳೂ ಇಲ್ಲಿ ಆಗುತ್ತವೆ. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಮಾಣ ವಚನ ತೆಗೆದುಕೊಂಡದ್ದು ಇಲ್ಲೇ.

ಹಿಂದೆ ಕೆರೆಯ ನೀರು ಯಾರಿಗೆ ಎಂಬ ಮಾತಿತ್ತು. ಈಗ ಮೈದಾನ ಯಾರಿಗೆ ಎಂಬ ಮಾತು. ಜಾಗ ಅದೇ.

ಇದರಿಂದ ನಮಗೇನು?

ಎಲ್ಲರದು ಅಂದದ್ದು ಕಡೆಗೆ ಯಾರದೂ ಅಲ್ಲ ಅಂತ ಆಗಬಾರದು. ನಿಮ್ಮೂರಲ್ಲೂ ಕೆರೆ ಇರಬಹುದು. ಹುಡುಗರು ಆಡುವ ಬಯಲು ಇರಬಹುದು. ಅದರ ಉತಾರ ತೆಗೆಸಿರಿ. ಯಾರ ಹೆಸರಿದೆ, ಎಷ್ಟು ಎಕರೆ ಎಷ್ಟು ಗುಂಟೆ ಎಂದು ನೀವೇ ಓದಿರಿ. ಒತ್ತುವರಿ ಆಗಿದ್ದರೆ ಪಂಚಾಯಿತಿಗೂ ತಹಶೀಲ್ದಾರರಿಗೂ ಅರ್ಜಿ ಬರೆಯಿರಿ. ಕೆಳಗೆ ಹೆಬ್ಬೆಟ್ಟು ಬೇಡ. ನಿಮ್ಮ ಕೈಯಾರೆ ಸಹಿ ಹಾಕಿರಿ.

ಮಾತಾಡಿರಿ, ಬರೆಯಿರಿ

1. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಮೊದಲು ಏನಿತ್ತು?
2. ಆ ಕೆರೆ ಏಕೆ ಹೋಯಿತು?
3. ನಿಮ್ಮೂರ ಆಟದ ಬಯಲು ಎಲ್ಲಿದೆ? ಅಲ್ಲಿ ಹೆಣ್ಣುಮಕ್ಕಳೂ ಆಡುತ್ತಾರೆಯೇ?