ಮಂಕಾದ ಹೆಡ್‌ಲೈಟ್: ಉಜ್ಜಿದರೆ ಸಾಲದು, ಲೇಪವೂ ಬೇಕು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಭಾಗದ ಕೃಷಿಕರಿಗೆ ಜೀಪು, ಪಿಕಪ್ ಅಥವಾ ಕಾರು ಇಂದು ಕೃಷಿ ಉಪಕರಣಗಳಷ್ಟೇ ಅವಶ್ಯಕವಾಗಿದೆ. ಅಡಿಕೆ, ತೆಂಗು, ರಬ್ಬರ್ ಶೀಟುಗಳನ್ನು ಪೇಟೆಗೆ ಸಾಗಿಸಲು, ನಸುಕಿನಲ್ಲಿ ಡೈರಿಗೆ ಹಾಲು ಮುಟ್ಟಿಸಲು, ಅವೇಳೆಯಲ್ಲಿ ರೋಗಿಯನ್ನು ಮಂಗಳೂರಿಗೆ ಕರೆದೊಯ್ಯಲು ಅದೇ ಆಧಾರ. ಇವುಗಳಲ್ಲಿ ಹಲವು ಪ್ರಯಾಣಗಳು ಕತ್ತಲಲ್ಲೇ ನಡೆಯುತ್ತವೆ. ಮಳೆಗಾಲದ ರಾತ್ರಿ ತೋಟದ ನಡುವಿನ ತಿರುವು ರಸ್ತೆಯಲ್ಲಾಗಲಿ, ಮಂಜು ಕವಿದ ಚಾರ್ಮಾಡಿ ಘಾಟಿಯಲ್ಲಾಗಲಿ, ಹೆಡ್‌ಲೈಟ್ ಮಂಕಾಗಿದ್ದರೆ ಅಪಾಯ ತಪ್ಪಿದ್ದಲ್ಲ.

ಹಲವು ವರ್ಷ ಬಿಸಿಲಿನಲ್ಲಿ ನಿಂತ ವಾಹನದ ದೀಪದ ಮೇಲ್ಮೈ ಹಳದಿಯಾಗಿ, ಹೊಗೆ ಹಿಡಿದಂತೆ ಕಾಣುತ್ತದೆ. ಆಗ ಬಲ್ಬು ಬದಲಾಯಿಸಿದರೂ ಪ್ರಯೋಜನವಾಗುವುದಿಲ್ಲ. ಅಮೆರಿಕದ ವಾಹನ ಸವಾರರ ಸಂಸ್ಥೆಯಾದ ಎ.ಎ.ಎ. 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಂತೆ, ಮಂಕಾದ ದೀಪಗಳು ಹೊಸ ದೀಪದ ಬೆಳಕಿನ ಶೇಕಡಾ 20ರಷ್ಟನ್ನು ಮಾತ್ರ ಕೊಡುತ್ತಿದ್ದವು. ಉಜ್ಜಿ ಸರಿಪಡಿಸಿದ ಮೇಲೆ ಅದು ಸುಮಾರು ಶೇಕಡಾ 70ಕ್ಕೆ ಏರಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು, ಚಾಲಕ ಅಡ್ಡ ಬಂದ ದನವನ್ನು ಕಂಡು ಬ್ರೇಕ್ ಒತ್ತುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಮುಂದೆ ಸಾಗಿರುತ್ತದೆ. ವಾಹನ ನಿಲ್ಲಲು ಮತ್ತಷ್ಟು ದೂರ ಬೇಕು. ಬೆಳಕು ಎಷ್ಟು ದೂರ ಬೀಳಬೇಕೆಂಬುದನ್ನು ಇದರಿಂದ ತಿಳಿಯಬಹುದು.

ಮಂಕಾಗಲು ಕಾರಣವೇನು?

ಹಳೆಯ ಜೀಪು, ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ದೀಪಕ್ಕೆ ನಿಜವಾದ ಗಾಜು ಇತ್ತು. ಗಾಜು ಬಿಸಿಲಿಗೆ ಹಳದಿಯಾಗುವುದಿಲ್ಲ. ಈಗಿನ ಹೆಚ್ಚಿನ ವಾಹನಗಳಲ್ಲಿ ನಾವು ಗಾಜು ಎಂದು ಕರೆಯುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಇದು ಹಗುರ, ಕಲ್ಲು ತಾಗಿದರೂ ಸುಲಭವಾಗಿ ಒಡೆಯದು. ಆದರೆ ಸೂರ್ಯನ ನೇರಳಾತೀತ ಕಿರಣಗಳಿಗೆ ಇದರ ಮೇಲ್ಮೈ ಕೆಡುತ್ತದೆ. ಅದಕ್ಕಾಗಿಯೇ ಕಾರ್ಖಾನೆಯಲ್ಲಿ ಇದರ ಮೇಲೆ ತೆಳುವಾದ ರಕ್ಷಣಾ ಲೇಪ ಹಚ್ಚಿರುತ್ತಾರೆ. ಪಾಲಿಹೌಸ್ ಮತ್ತು ಅಡಿಕೆ ಒಣಗಿಸುವ ಸೋಲಾರ್ ಗೂಡಿಗೆ ನೇರಳಾತೀತ ಕಿರಣ ತಡೆಯುವ ಹಾಳೆಯನ್ನೇ ಕೊಳ್ಳಬೇಕೆಂದು ಹೇಳುವುದೂ ಇದೇ ಕಾರಣಕ್ಕೆ. ಬಿಸಿಲು, ಧೂಳು ಮತ್ತು ಒರೆಸುವಿಕೆಯಿಂದ ಆ ಲೇಪ ಸವೆದ ನಂತರ ಪ್ಲಾಸ್ಟಿಕ್ ಬೇಗನೆ ಮಂಕಾಗುತ್ತದೆ.

ಆದ್ದರಿಂದ ಮಂಕಾದ ಪದರವನ್ನು ಉಜ್ಜಿ ತೆಗೆಯುವುದು ಅರ್ಧ ಕೆಲಸ ಮಾತ್ರ. ಕೊಳೆರೋಗದಿಂದ ಉದುರಿದ ಕಾಯಿಗಳನ್ನು ಹೆಕ್ಕಿದರೆ ಸಾಲದು, ಗೊನೆಗಳಿಗೆ ಬೋರ್ಡೋ ದ್ರಾವಣದ ಲೇಪ ಬೇಕು ಎಂಬುದನ್ನು ನಮ್ಮ ರೈತರು ಬಲ್ಲರು. ಇಲ್ಲಿಯೂ ಹಾಗೆಯೇ. ಲೇಪವಿಲ್ಲದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ದೀಪ ಮತ್ತೆ ಹಳದಿಯಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ ದೀಪದ ಹೊಳಪು ಬೇಗನೆ ಮಾಯವಾಗುವುದಕ್ಕೆ ಇದೇ ಕಾರಣ.

ಮೊದಲು ಪರೀಕ್ಷಿಸಿ

ದೀಪದ ಮೇಲೆ ನೀರು ಹಾಕಿ ನೋಡಿರಿ. ಒದ್ದೆಯಾದಾಗ ಮಬ್ಬು ಕಡಿಮೆಯಾಗಿ, ಒಣಗಿದಾಗ ಮತ್ತೆ ಕಾಣಿಸಿಕೊಂಡರೆ ದೋಷ ಹೊರಮೈಯಲ್ಲಿದೆ, ಇದನ್ನು ಸರಿಪಡಿಸಬಹುದು. ಒಳಗೆ ನೀರಿನ ಹನಿ ಅಥವಾ ಬೂಷ್ಟು ಇದ್ದರೆ, ಒಳಗಿನ ಪ್ರತಿಫಲಕ ಕಪ್ಪಾಗಿದ್ದರೆ, ಪ್ಲಾಸ್ಟಿಕ್ಕಿನ ಆಳಕ್ಕೆ ಬಿರುಕು ಇಳಿದಿದ್ದರೆ ಹೊರಗಿನಿಂದ ಉಜ್ಜುವುದು ವ್ಯರ್ಥ. ಅಂತಹ ದೀಪವನ್ನು ಮೆಕ್ಯಾನಿಕ್‌ಗೆ ತೋರಿಸಬೇಕು ಅಥವಾ ಬದಲಾಯಿಸಬೇಕು.

ಬೇಕಾಗುವ ಸಾಮಗ್ರಿಗಳು

600, 1000 ಮತ್ತು 1500 ನಂಬರಿನ ವಾಟರ್ ಪೇಪರ್, ಮಾಸ್ಕಿಂಗ್ ಟೇಪ್, ಹಳೆಯ ಪತ್ರಿಕೆಗಳು, ಸಾಬೂನು ನೀರು, ನೂಲು ಬಿಡದ ಶುಭ್ರ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಕ್ಲಿಯರ್ ಕೋಟ್. ಕ್ಲಿಯರ್ ಕೊಳ್ಳುವಾಗ ಅದು ಹೆಡ್‌ಲೈಟಿನ ಪ್ಲಾಸ್ಟಿಕ್ಕಿಗೆ ಸೂಕ್ತವೆಂದೂ, ನೇರಳಾತೀತ ಕಿರಣ ತಡೆಯುತ್ತದೆಂದೂ ಡಬ್ಬಿಯ ಮೇಲೆ ಬರೆದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಮಾಡುವ ಕ್ರಮ

1. ದೀಪ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಸಾಬೂನು ನೀರಿನಿಂದ ತೊಳೆಯಬೇಕು. ಒಂದು ಕಣ ಮರಳು ಉಳಿದರೂ ಉಜ್ಜುವಾಗ ಆಳವಾದ ಗೀರು ಬೀಳುತ್ತದೆ.

2. ಸುತ್ತಲಿನ ಬಣ್ಣಕ್ಕೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಬೇಕು.

3. ವಾಟರ್ ಪೇಪರನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ನೀರು ಹಾಕುತ್ತಾ ಉಜ್ಜಬೇಕು. ಹಳೆಯ ಲೇಪ ಸಿಪ್ಪೆಯಂತೆ ಏಳುತ್ತಿದ್ದರೆ 600ರಿಂದ, ಇಲ್ಲದಿದ್ದರೆ 1000ದಿಂದ ಆರಂಭಿಸಿರಿ. ಮೊದಲು ಹಳದಿ ನೀರು ಇಳಿಯುತ್ತದೆ. ಇಡೀ ಮೇಲ್ಮೈಯಿಂದ ಬಿಳಿ ನೀರು ಇಳಿಯುವವರೆಗೂ ಬಿಡಬಾರದು. ಹಳೆಯ ಲೇಪದ ತುಣುಕು ಉಳಿದ ಕಡೆ ಹೊಸ ಲೇಪ ನಿಲ್ಲುವುದಿಲ್ಲ.

4. ಒಂದು ಪೇಪರಿನಿಂದ ಅಡ್ಡಕ್ಕೆ ಉಜ್ಜಿದರೆ ಮುಂದಿನದರಿಂದ ಉದ್ದಕ್ಕೆ ಉಜ್ಜಬೇಕು. ಹಿಂದಿನ ಗೀರುಗಳು ಮಾಯವಾದುದು ಇದರಿಂದ ಸುಲಭವಾಗಿ ತಿಳಿಯುತ್ತದೆ. ಕ್ಲಿಯರ್ ಹೊಡೆಯುವುದಾದರೆ 1500ಕ್ಕೆ ನಿಲ್ಲಿಸಬಹುದು. ಆಗ ದೀಪ ಒಂದೇ ಸಮನೆ ಮಬ್ಬಾಗಿ ಕಾಣುತ್ತದೆ. ಇದಕ್ಕೆ ಹೆದರಬೇಕಾಗಿಲ್ಲ, ಈ ನವಿರಾದ ಗೀರುಗಳನ್ನು ಕ್ಲಿಯರ್ ತುಂಬುತ್ತದೆ.

5. ತೊಳೆದು, ಚೆನ್ನಾಗಿ ಒಣಗಿಸಿ, ಒದ್ದೆಯಾದ ಟೇಪ್ ತೆಗೆದು ಹೊಸದನ್ನು ಅಂಟಿಸಿ, ಸುತ್ತಲೂ ಪತ್ರಿಕೆ ಮುಚ್ಚಬೇಕು. ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ದೀಪವನ್ನು ಒರೆಸಿದ ಮೇಲೆ ಕೈ ತಾಗಿಸಬಾರದು.

6. ಮೊದಲ ಕೋಟನ್ನು ಇಬ್ಬನಿ ಬಿದ್ದಂತೆ ತೆಳುವಾಗಿ ಹೊಡೆಯಬೇಕು. ಡಬ್ಬಿಯ ಮೇಲೆ ಸೂಚಿಸಿದಷ್ಟು ಅಂತರ ಬಿಟ್ಟು ಮತ್ತೆರಡು ತೆಳು ಕೋಟು ಕೊಡಬೇಕು. ಒಂದೇ ಸಲಕ್ಕೆ ದಪ್ಪವಾಗಿ ಹೊಡೆದರೆ ಅದು ಕೆಳಗೆ ಹರಿದು ಗೆರೆ ಬೀಳುತ್ತದೆ.

7. ಕನಿಷ್ಠ 24 ಗಂಟೆ ಕಾಲ ಧೂಳು, ಇಬ್ಬನಿ ಮತ್ತು ಮಳೆ ತಾಗದಂತೆ ನೋಡಿಕೊಳ್ಳಬೇಕು.

ಯಾವಾಗ, ಎಲ್ಲಿ?

ಕರಾವಳಿಯ ಮಳೆಗಾಲದ ಒದ್ದೆ ಗಾಳಿಯಲ್ಲಿ ಕ್ಲಿಯರ್ ಬೆಳ್ಳಗೆ ಮಸುಕಾಗಬಹುದು. ಮಳೆ ನಿಂತ ಮೇಲೆ, ಸುಮಾರು ಡಿಸೆಂಬರಿನಿಂದ ಮಾರ್ಚಿಯವರೆಗೆ, ಇಬ್ಬನಿ ಆರಿದ ನಂತರ ನೆರಳಿನಲ್ಲಿ ಈ ಕೆಲಸ ಮಾಡುವುದು ಉತ್ತಮ. ಇದು ಅಂಗಳದಲ್ಲಿ ಅಡಿಕೆ ಒಣಗುವ ಕಾಲವೂ ಹೌದು. ಅಡಿಕೆಯ ಸಮೀಪ ಸ್ಪ್ರೇ ಮಾಡಬಾರದು. ಬಣ್ಣದ ಹನಿ ಅಡಿಕೆಯ ಮೇಲೆ ಕೂರುತ್ತದೆ, ಅಂಗಳದ ಧೂಳು ದೀಪದ ಮೇಲೆ ಕೂರುತ್ತದೆ.

ಎಚ್ಚರಿಕೆ

ಪೆಟ್ರೋಲ್ ಅಥವಾ ಥಿನ್ನರ್‌ನಿಂದ ದೀಪ ಒರೆಸಲೇಬಾರದು. ಪಾಲಿಕಾರ್ಬೊನೇಟ್‌ನಲ್ಲಿ ಕೂದಲೆಳೆಯಂತಹ ಬಿರುಕುಗಳು ಏಳುತ್ತವೆ. ಸೊಳ್ಳೆ ನಿವಾರಕ ಮುಲಾಮು ಹಚ್ಚಿದರೆ ಹೊಳಪು ಬಂದಂತೆ ಕಂಡರೂ, ಅದು ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುತ್ತದೆ.

ಹಾರ್ಡನರ್ ಬೆರೆಸುವ ಎರಡು ಭಾಗದ ಕ್ಲಿಯರ್ ಹೆಚ್ಚು ಬಾಳಿಕೆ ಬರುತ್ತದೆ. ಆದರೆ ಅದರಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಅದನ್ನು ತಡೆಯಲಾಗದು. ಸರಿಯಾದ ಮಾಸ್ಕ್ ಇಲ್ಲದವರು ಉಜ್ಜುವ ಕೆಲಸ ಮನೆಯಲ್ಲಿ ಮುಗಿಸಿ, ಕ್ಲಿಯರ್ ಹೊಡೆಯುವುದನ್ನು ಗ್ಯಾರೇಜಿನ ನುರಿತ ಪೇಂಟರ್‌ಗೆ ಒಪ್ಪಿಸುವುದು ಕ್ಷೇಮ. ಸ್ಪ್ರೇ ಮಾಡುವ ಸ್ಥಳದಲ್ಲಿ ಬೆಂಕಿ, ಬೀಡಿ ಇರಕೂಡದು, ಮಕ್ಕಳೂ ಸುಳಿಯಬಾರದು.

ನಂತರದ ಆರೈಕೆ

ಬೋರ್ಡೋ ದ್ರಾವಣದ ಸುಣ್ಣದ ನೀರು, ರಬ್ಬರ್ ಹಾಲಿಗೆ ಬಳಸುವ ಅಮೋನಿಯ, ಎಣ್ಣೆ ರೂಪದ ಕೀಟನಾಶಕ – ಇವು ದೀಪದ ಮೇಲೆ ಚಿಮ್ಮಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಕೆಸರು ಒಣಗಿದಾಗ ಬರಿಯ ಬಟ್ಟೆಯಿಂದ ತಿಕ್ಕಬಾರದು. ವಾಹನವನ್ನು ನೆರಳಿನಲ್ಲಿ ಅಥವಾ ಮುಂಭಾಗ ಬಿಸಿಲಿಗೆ ಬೀಳದಂತೆ ನಿಲ್ಲಿಸುವ ಅಭ್ಯಾಸ ಖರ್ಚಿಲ್ಲದ ಉಪಾಯ.

ವಿಸ್ತರಣಾ ಕಾರ್ಯಕರ್ತರು ಇದನ್ನು ವಿಧಾನ ಪ್ರಾತ್ಯಕ್ಷಿಕೆಯಾಗಿ ತೋರಿಸಬಹುದು. ಒಂದೇ ವಾಹನದ ಒಂದು ದೀಪವನ್ನು ಸರಿಪಡಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಕತ್ತಲಾದ ಮೇಲೆ ಗೋಡೆಗೆ ಬೆಳಕು ಬಿಟ್ಟರೆ ವ್ಯತ್ಯಾಸ ಎಲ್ಲರಿಗೂ ಕಾಣುತ್ತದೆ. ಆನಂತರ ಎರಡನೆಯ ದೀಪವನ್ನು ರೈತರ ಕೈಯಿಂದಲೇ ಮಾಡಿಸಬೇಕು. ಗೊನೆಗಳಿಗೆ ಮೊದಲ ಸಿಂಪರಣೆಯ ಸಿದ್ಧತೆ ಮಾಡುವ ಮುನ್ನವೇ ವಾಹನದ ದೀಪಗಳನ್ನೂ ಒಮ್ಮೆ ನೀರು ಹಾಕಿ ಪರೀಕ್ಷಿಸಿಕೊಂಡರೆ ಮಳೆಗಾಲದ ರಾತ್ರಿ ಪ್ರಯಾಣ ಸುರಕ್ಷಿತವಾಗುತ್ತದೆ.