ಮುಟ್ಟದೆ ನುಡಿಸುವ ವಾದ್ಯಕ್ಕೆ ಸರಳೆ ವರಸೆ

ಥೆರೆಮಿನ್‌ಗೆ ತಂತಿಯಿಲ್ಲ, ಮೆಟ್ಟಿಲ್ಲ, ಊದುವ ರಂಧ್ರವೂ ಇಲ್ಲ. ಒಂದು ಪೆಟ್ಟಿಗೆ, ಅದರ ಮೇಲೆ ನೆಟ್ಟಗೆ ನಿಂತ ಲೋಹದ ಕಡ್ಡಿ, ಪಕ್ಕಕ್ಕೆ ಬಳೆಯಂತೆ ಬಾಗಿದ ಇನ್ನೊಂದು ಕಡ್ಡಿ, ಇಷ್ಟೇ. ಬಲಗೈ ನೆಟ್ಟಗಿನ ಕಡ್ಡಿಯ ಹತ್ತಿರ ಹೋದಷ್ಟೂ ಸ್ವರ ಏರುತ್ತದೆ. ಎಡಗೈ ಬಳೆಯ ಹತ್ತಿರ ಹೋದಷ್ಟೂ ದನಿ ಕುಗ್ಗುತ್ತದೆ. 1920ರಲ್ಲಿ ಪೆಟ್ರೊಗ್ರಾಡಿನ ಭೌತವಿಜ್ಞಾನಿ ಲೆವ್ ತೆರ್ಮೆನ್ ಅನಿಲಗಳ ವಿದ್ಯುತ್ ಗುಣ ಅಳೆಯುವ ಸಾಧನವೊಂದನ್ನು ಕಟ್ಟುತ್ತಿದ್ದಾಗ ಈ ವಾದ್ಯ ಹುಟ್ಟಿತು. ಕಲಿಯಲು ಬಹಳ ಕಷ್ಟ ಎನ್ನುತ್ತಾರೆ, ನಿಜ. ಆದರೆ ನಮ್ಮ ಸಂಗೀತದ ಪಾಠಕ್ರಮ ಬಲ್ಲವರಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲು ಒಳಗಿನ ಕೆಲಸ ನೋಡೋಣ. ಪೆಟ್ಟಿಗೆಯಲ್ಲಿ ಎರಡು ಆಂದೋಲಕಗಳಿವೆ. ಒಂದು ಸೆಕೆಂಡಿಗೆ 3,00,000 ಸಲ ಕಂಪಿಸುತ್ತದೆ ಎಂದಿಟ್ಟುಕೊಳ್ಳಿ, ಅದು ಬದಲಾಗುವುದಿಲ್ಲ. ಇನ್ನೊಂದು ಕಡ್ಡಿಗೆ ಜೋಡಿಸಿದ್ದು. ನಮ್ಮ ಕೈ ಮತ್ತು ಕಡ್ಡಿ ಸೇರಿ ಒಂದು ಕೆಪಾಸಿಟರ್ ಆಗುತ್ತವೆ. ಕೈ ಹತ್ತಿರವಾದಂತೆ ಅದರ ಧಾರಕತೆ ಹೆಚ್ಚಿ, ಎರಡನೆಯ ಆಂದೋಲಕದ ವೇಗ ಇಳಿಯುತ್ತದೆ. ಅದು 2,99,760ಕ್ಕೆ ಇಳಿದರೆ ವ್ಯತ್ಯಾಸ 240. ಎರಡೂ ಕಂಪನಗಳು ಕಿವಿಗೆ ನಿಲುಕದಷ್ಟು ವೇಗದವು. ಕೇಳಿಸುವುದು ಈ ವ್ಯತ್ಯಾಸ ಮಾತ್ರ. ಅದನ್ನೇ ಷಡ್ಜ ಮಾಡಿಕೊಂಡರೆ ಪಂಚಮಕ್ಕೆ 360 ಬೇಕು. ಅಂದರೆ ಮೂರು ಲಕ್ಷದಲ್ಲಿ ಇನ್ನೂ 120ರಷ್ಟು ಇಳಿಸಿದರೆ ಸಾಕು, ಶೇ. 0.04. ಅಷ್ಟು ಸಣ್ಣ ಬದಲಾವಣೆ ಸ-ಪ ಅಂತರವಾಗಿಬಿಡುತ್ತದೆ. ಹಾಗಾಗಿಯೇ ಪಕ್ಕದಲ್ಲಿ ಯಾರಾದರೂ ಓಡಾಡಿದರೂ ಸ್ವರ ಜಾರುತ್ತದೆ. ಕಬ್ಬಿಣದ ಬೀರುವಿನಿಂದ ದೂರ ನಿಲ್ಲಬೇಕು, ಮೈ ಅಲುಗಬಾರದು.

ಕಲಿಕೆಯ ಮೊದಲ ಪಾಠ ಸ್ವರ ಹಿಡಿಯುವುದಲ್ಲ, ಶ್ರುತಿ ಹಿಡಿಯುವುದು. ತಂಬೂರಿಯನ್ನೋ ಮೊಬೈಲಿನ ಶ್ರುತಿಯನ್ನೋ ಹಾಕಿಕೊಂಡು ಒಂದೇ ಷಡ್ಜವನ್ನು ಉಸಿರು ಮುಗಿಯುವವರೆಗೆ ನಿಲ್ಲಿಸಿ. ಶ್ರುತಿ 240, ನಿಮ್ಮದು 242 ಆದರೆ ದನಿ ಸೆಕೆಂಡಿಗೆ ಎರಡು ಸಲ ಅಲೆಯುತ್ತದೆ. ಹತ್ತಿರ ಬಂದಂತೆ ಅಲೆ ನಿಧಾನವಾಗಿ, ಕೂಡಿಕೊಂಡಾಗ ಇಲ್ಲವಾಗುತ್ತದೆ. ವಾದ್ಯದೊಳಗೆ ನಾದ ಹುಟ್ಟಿಸುವುದೂ ಎರಡು ಕಂಪನಗಳ ವ್ಯತ್ಯಾಸ, ಹೊರಗೆ ನಮ್ಮ ತಪ್ಪನ್ನು ಹೇಳುವುದೂ ಎರಡು ಕಂಪನಗಳ ವ್ಯತ್ಯಾಸ. ಈ ಹೊಂದಿಕೆ ನನಗೆ ಬಹಳ ಇಷ್ಟ. ಈ ಹಂತದಲ್ಲಿ ಕೈ ಅಲುಗಿಸಿ ಸ್ವರವನ್ನು ತೂಗುವ ಅಭ್ಯಾಸ ಬೇಡವೇ ಬೇಡ. ಆ ತೂಗಾಟ ಅಪಸ್ವರವನ್ನು ಮುಚ್ಚಿಹಾಕುತ್ತದೆ.

ಆಮೇಲೆ ಸರಳೆ ವರಸೆ. ಪುರಂದರದಾಸರು ಹಾಕಿಕೊಟ್ಟದ್ದೆಂದು ಪರಂಪರೆ ಹೇಳುವ ಈ ಪಾಠಗಳು ಮಾಯಾಮಾಳವಗೌಳದಲ್ಲಿವೆ. ಷಡ್ಜ 240 ಆದರೆ ಉಳಿದವು 256, 300, 320, 360, 384, 450, ಮೇಲಿನ ಷಡ್ಜ 480. ಅಂತರಗಳನ್ನು ಗಮನಿಸಿ: 16 ಆದ ಮೇಲೆ 44, ಮತ್ತೆ 20, 40, 24, 66, 30. ಒಂದು ಸಣ್ಣ ಹೆಜ್ಜೆ, ಒಂದು ದೊಡ್ಡ ಹೆಜ್ಜೆ. ಥೆರೆಮಿನ್‌ನಲ್ಲಿ ಸಣ್ಣ ಹೆಜ್ಜೆಗೆ ಬೆರಳು ಬಿಡಿಸಿದರೆ ಸಾಕು, ದೊಡ್ಡದಕ್ಕೆ ಮಣಿಕಟ್ಟು ಅಥವಾ ಮುಂಗೈ ಸಾಗಬೇಕು. ಎರಡೂ ಚಲನೆಗಳು ಮೊದಲ ವರಸೆಯಲ್ಲೇ ಪಳಗುತ್ತವೆ. ತೊಡಕೆಲ್ಲ ಧೈವತದಿಂದ ನಿಷಾದಕ್ಕೆ ಹೋಗುವಲ್ಲಿ. ಅಲ್ಲಿ ಅಂತರ ದೊಡ್ಡದು, ಕೈಯೂ ಕಡ್ಡಿಗೆ ತೀರ ಹತ್ತಿರ ಬಂದಿರುತ್ತದೆ. ಅದೊಂದನ್ನೇ ವಿಳಂಬ ಕಾಲದಲ್ಲಿ ಬಿಡಿಸಿ ಸಾಧಿಸಬೇಕು.

ಜಂಟಿ ವರಸೆ ಬಂದಾಗ ಎಡಗೈಗೆ ಕೆಲಸ. ವೀಣೆಯಲ್ಲಿ ಸ-ಸ ಎನ್ನಲು ಮತ್ತೆ ಮೀಟಿದರಾಯಿತು. ಇಲ್ಲಿ ಮೀಟಲು ಏನೂ ಇಲ್ಲ. ಎಡಗೈಯನ್ನು ಬಳೆಯ ಮೇಲೆ ಚಟ್ಟನೆ ಇಳಿಸಿ ದನಿ ಕಡಿದು, ಮತ್ತೆ ಎತ್ತಬೇಕು. ಅಷ್ಟರಲ್ಲಿ ಬಲಗೈ ಕೂದಲೆಳೆಯಷ್ಟೂ ಸರಿಯಬಾರದು. ದಾಟು ವರಸೆಯಲ್ಲಿ ನಡುವಿನ ಸ್ವರ ಬಿಟ್ಟು ಹಾರುವಾಗ ದಾರಿಯ ಜಾರುದನಿ ಕೇಳಿಸದಂತೆ ಎರಡು ಕೈಗಳೂ ಹೊಂದಬೇಕು. ಇಷ್ಟು ಬಂದವರಿಗೆ ಅಲಂಕಾರ, ಮೂರು ಕಾಲ.

ಪಶ್ಚಿಮದಲ್ಲಿ ಈ ಬೆರಳು ಕ್ರಮವನ್ನು ಕಂಡುಕೊಂಡವರು ಕ್ಲಾರಾ ರಾಕ್‌ಮೋರ್. ಬಾಲ್ಯದಲ್ಲೇ ಪಿಟೀಲಿನ ಪ್ರತಿಭೆ ಎನಿಸಿದ್ದ ಅವರು ಕೈ ತೊಂದರೆಯಿಂದ ಅದನ್ನು ಬಿಡಬೇಕಾಯಿತು. ಅವರು ಥೆರೆಮಿನ್‌ಗೆ ತಂದದ್ದು ಪಿಟೀಲು ಪಳಗಿಸಿದ ಕಿವಿಯನ್ನು.

ಅಂಥ ಕಿವಿಗೆ ನಮ್ಮ ಕಡೆ ಕೊರತೆಯಿಲ್ಲ. ಕಲ್ಯಾಣದುರ್ಗದ ಸೀಮೆಯಲ್ಲಿ, ಕಂಬದೂರಿನ ಕಡೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು. ಮುಂದೆ ತಿರುಪತಿಯಲ್ಲಿ ಅವರ ಕೈಗೆ ಬಂದ ತಾಮ್ರಪಟಗಳಲ್ಲಿ ಅನ್ನಮಾಚಾರ್ಯರ ಸಾಹಿತ್ಯವಿತ್ತು, ರಾಗದ ಹೆಸರಿತ್ತು, ಸ್ವರಲಿಪಿ ಇರಲಿಲ್ಲ. ಶರ್ಮರು ಎಷ್ಟೋ ಕೀರ್ತನೆಗಳಿಗೆ ರಾಗ ಸಂಯೋಜಿಸಿ ಮತ್ತೆ ಹಾಡುವಂತೆ ಮಾಡಿದರು. ರಾಗದ ಹೆಸರು ಕೇಳಿದೊಡನೆ ಸ್ವರಗಳ ಜಾಗ ಒಳಗೇ ತೋರುವಂಥ ಸಾಧನೆ ಅದು. ಥೆರೆಮಿನ್ ಕೇಳುವುದೂ ಅದನ್ನೇ: ಗಾಂಧಾರದ ಗುರುತು ಗಾಳಿಯಲ್ಲಿ ಎಲ್ಲೂ ಇಲ್ಲ, ಕೈ ಹೊರಡುವ ಮೊದಲೇ ಅದು ಮನಸ್ಸಿನಲ್ಲಿ ಕೇಳಿಸಿರಬೇಕು. ಆದ್ದರಿಂದ ಪ್ರತಿ ವರಸೆಯನ್ನೂ ಮೊದಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ.

ಗಮಕ ಕೊನೆಗಿರಲಿ. ತಡೆಯಿಲ್ಲದೆ ಜಾರುವ ಈ ವಾದ್ಯದಲ್ಲಿ ಜಾರು ತಾನಾಗಿ ಬರುತ್ತದೆ. ಎಲ್ಲಿಂದ ಹೊರಟು ಎಲ್ಲಿ ನಿಲ್ಲಬೇಕೆಂಬುದಷ್ಟೇ ಕಲಿಯಬೇಕಾದದ್ದು. ತೋಡಿಯ ಗಾಂಧಾರಕ್ಕೆ ಕೈ ಹಾಕುವ ಮೊದಲು ಮೋಹನದ ಒಂದು ಗೀತೆ ಶುದ್ಧವಾಗಿ ಬರಲಿ.